ಆಟದ ವಿಮರ್ಶೆಯಿಂದ ಕಾದಂಬರಿಯವರೆಗೆ: ಐದು ವರ್ಷ, 83 ಸಾವಿರ ರೂಪಾಯಿ

ನಮ್ಮಲ್ಲಿ ಆಟ ಅಂದರೆ ಯಕ್ಷಗಾನ. ಹಾಗಾಗಿ ನಾನು ಆಟದ ವಿಮರ್ಶೆ ಬರೆಯುವವನು ಅಂದಾಗಲೆಲ್ಲ ಊರಿನವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವ ಮೇಳದ್ದು?" ಅಲ್ಲ, ವಿಡಿಯೋ ಗೇಮ್ ಅಂತ ಬಿಡಿಸಿ ಹೇಳಿದರೆ ಅವರ ಮುಖ ಸಪ್ಪೆಯಾಗುತ್ತಿತ್ತು. ಯಕ್ಷಗಾನ ಪ್ರಸಂಗಗಳನ್ನು ಬರೆದ ಕುಂಬಳೆಯ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದವನು ಇದಕ್ಕಾ ಕೂತದ್ದು ಅನ್ನುವ ಸಪ್ಪೆ.

ಈಗ ನನ್ನದೊಂದು ವೈಜ್ಞಾನಿಕ ಕಾದಂಬರಿ ಅಚ್ಚಾಗಿ ಬಂದಿದೆ. ಹೆಸರು ‘ಎಂಟನೇ ಭಾಷೆ’. 240 ಪುಟ. ಬರೆಯಲು ಹಿಡಿದದ್ದಕ್ಕಿಂತ ಜಾಸ್ತಿ ಸಮಯ ಅದನ್ನು ಪುಸ್ತಕ ಮಾಡಲು ಹಿಡಿಯಿತು. ಕೇರಳದ ಕಾಸರಗೋಡಿನಲ್ಲಿ ಕೂತು ಕನ್ನಡದಲ್ಲಿ ಬರೆಯುವ ಇನ್ನೊಬ್ಬರು ಇದೇ ದಾರಿಯಲ್ಲಿ ಹೊರಟರೆ, ಕೆಲವು ಕಡೆಯಾದರೂ ನನ್ನ ಹಾಗೆ ಎಡವದಿರಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. ನಮ್ಮದು ಬದಿಯಡ್ಕ ಹತ್ತಿರ. ಅಡಿಕೆ ತೋಟ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. 2011ರಲ್ಲಿ ವಿದೇಶದ ಒಂದು ವೆಬ್‌ಸೈಟಿಗೆ ಇಂಗ್ಲಿಷಿನಲ್ಲಿ ಗೇಮ್ ವಿಮರ್ಶೆ ಬರೆಯಲು ಶುರು ಮಾಡಿದೆ. ಒಂದು ಲೇಖನಕ್ಕೆ ಇಷ್ಟು ಡಾಲರ್ ಅಂತ ಲೆಕ್ಕ. 2013ರಲ್ಲಿ ಬೆಂಗಳೂರಿನ ಒಂದು ಆನ್‌ಲೈನ್ ಪತ್ರಿಕೆಯಲ್ಲಿ ಪೂರ್ತಿ ಕೆಲಸ ಸಿಕ್ಕಿತು. ಅಪ್ಪ ಆಗ ಕೇಳಿದ್ದು ನೆನಪಿದೆ: "ಆಟ ಆಡಿದ್ದಕ್ಕೆ ಸಂಬಳ ಕೊಡುವವರು ಉಂಟಾ? ಪಿಎಫ್ ಎಲ್ಲ ಉಂಟಾ?" ಪಿಎಫ್ ಇತ್ತು. ಅಪ್ಪನಿಗೆ ಅಷ್ಟು ಸಾಕಾಯಿತು.

ಹೊರಗಿನವರಿಗೆ ಅದು ಮಜಾದ ಕೆಲಸ. ನಿಜ ಹೇಳುವುದಾದರೆ ಪರೀಕ್ಷೆಯ ಹಿಂದಿನ ರಾತ್ರಿಗಳನ್ನು ವರ್ಷವಿಡೀ ಬದುಕಿದ ಹಾಗೆ. ಗೇಮ್ ಬಿಡುಗಡೆಗೆ ನಾಲ್ಕೈದು ದಿನ ಇರುವಾಗ ಕಂಪನಿಯವರು ಅದನ್ನು ತೆರೆಯಲು ಒಂದು ಕೋಡ್ ಕಳಿಸುತ್ತಾರೆ. ಅದರ ಜೊತೆ ಎಂಬಾರ್ಗೊ ಪತ್ರ: ಇಂಥ ದಿನ, ಇಂಥ ಗಂಟೆಗೆ ಮೊದಲು ಒಂದಕ್ಷರ ಹೊರಗೆ ಬರಕೂಡದು. ಗೇಮ್ ಮುಗಿಸಲು 40 ಗಂಟೆ ಬೇಕು. ಇರುವುದು ನಾಲ್ಕು ದಿನ. ಆ ಗಂಟೆ ಹೊಡೆದಾಗ ಲೋಕದ ಎಲ್ಲರ ವಿಮರ್ಶೆಯೂ ಒಟ್ಟಿಗೆ ಬರುತ್ತದೆ. ಹತ್ತು ನಿಮಿಷ ತಡವಾದರೆ ನಿಮ್ಮದನ್ನು ಯಾರೂ ಓದುವುದಿಲ್ಲ. ಕೊನೆಗೆ ಹತ್ತಕ್ಕೆ ಎಷ್ಟು ಅಂತ ಒಂದು ಅಂಕ ಬೇರೆ ಕೊಡಬೇಕು. ಮುನ್ನೂರು ಜನ ಮೂರು ವರ್ಷ ದುಡಿದದ್ದಕ್ಕೆ ನಾನು ಬೆಳಗಿನ ಜಾವ ನಾಲ್ಕಕ್ಕೆ ಕಣ್ಣುಜ್ಜಿಕೊಂಡು ಆರು ಅಂತ ಹಾಕುತ್ತಿದ್ದೆ. ಇದು ಆಮೇಲೆ ತಿರುಗಿ ಬಂತು, ಹೇಳುತ್ತೇನೆ.

2020ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದೆ. ಲಾಕ್‌ಡೌನಿಗೆ ಎರಡು ದಿನ ಇತ್ತು. ಆಮೇಲೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿ ದಾಟಿದರೆ ಅರ್ಧ ಗಂಟೆಯಲ್ಲಿ ಮಂಗಳೂರು. ಆಸ್ಪತ್ರೆಗೆ, ಕಾಲೇಜಿಗೆ, ಬಟ್ಟೆಗೆ, ಎಲ್ಲದಕ್ಕೂ ನಾವು ಹೋಗುವುದು ಅಲ್ಲಿಗೇ. ಒಂದು ದಿನ ಬೆಳಗಾಗುವಾಗ ಆ ಊರು ಪರದೇಶವಾಗಿತ್ತು. ನಾನು ಮಾತ್ರ ಇಲ್ಲಿ ಕೂತು ಮಂಗಳ ಗ್ರಹದಲ್ಲಿ ಓಡಾಡುವ ಗೇಮಿನ ವಿಮರ್ಶೆ ಬರೆಯುತ್ತಿದ್ದೆ. ಆ ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಪಬ್‌ಜಿ ಮೊಬೈಲ್ ಕೂಡ ಅದರಲ್ಲಿತ್ತು. ಆ ವಾರ ನಾನು ಬರೆದಷ್ಟು ಸುದ್ದಿ ಯಾವತ್ತೂ ಬರೆದಿಲ್ಲ. ವಾರ ಮುಗಿದಾಗ ಅನಿಸಿತು, ಇದರಲ್ಲಿ ಒಂದು ಸಾಲೂ ಮುಂದಿನ ತಿಂಗಳಿಗೆ ಉಳಿಯುವುದಿಲ್ಲ ಅಂತ.

ನವೆಂಬರಿನಲ್ಲಿ ಕಾದಂಬರಿ ಶುರು ಮಾಡಿದೆ. 2019ರಲ್ಲಿ ನಮ್ಮ ಪತ್ರಿಕೆಯ ವಿಶೇಷ ಸಂಚಿಕೆಗೆ ಇಂಗ್ಲಿಷಿನಲ್ಲಿ ಒಂದು ಸಣ್ಣ ಕಥೆ ಬರೆದಿದ್ದೆ. ಗಡಿಯೂರಿನ ಮುದುಕಿಯೊಬ್ಬಳ ನೆನಪುಗಳನ್ನು ಯಂತ್ರಕ್ಕೆ ತುಂಬಿಸಬೇಕು, ಆದರೆ ಆಕೆ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿ ಮಾತಾಡುವುದರಿಂದ ಯಂತ್ರಕ್ಕೆ ತಲೆಬುಡ ಗೊತ್ತಾಗುವುದಿಲ್ಲ. ನಮ್ಮದು ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಹಾಗಾದರೆ ಯಂತ್ರ ಕಲಿಯುವುದು ಎಂಟನೆಯದ್ದು. ಕಥೆ ಅಲ್ಲಿಂದ ಬೆಳೆಯಿತು.

ಕನ್ನಡದಲ್ಲೇ ಬರೆಯಬೇಕು ಅಂತ ಹಟ. ಆದರೆ ಒಂಬತ್ತು ವರ್ಷ ಇಂಗ್ಲಿಷಿನಲ್ಲಿ ಬರೆದ ಕೈ. ಮೊದಲ ಐವತ್ತು ಪುಟ ಓದಿದರೆ ಮಲಯಾಳಂ ಬಸ್ ಬೋರ್ಡಿಗೆ ಕನ್ನಡ ಅಕ್ಷರ ಬರೆದ ಹಾಗಿತ್ತು. ದೊಡ್ಡ ತೊಂದರೆ ಶಬ್ದಗಳದ್ದು. ಗೇಮಿನಲ್ಲಿ ಸತ್ತವನು ಮತ್ತೆ ಎದ್ದು ಬರುತ್ತಾನೆ, ರೀಸ್ಪಾನ್ ಅನ್ನುತ್ತೇವೆ. ಅದಕ್ಕೆ ಪುನರ್ಜನ್ಮ ಅಂತ ಬರೆದೆ, ಪುರಾಣವಾಯಿತು. ಮರುಹುಟ್ಟು ಅಂತ ಬರೆದೆ, ಕೃಷಿ ಇಲಾಖೆಯ ಕರಪತ್ರದ ಹಾಗಾಯಿತು. ಒಂದು ದಿನ ಅಮ್ಮನಿಗೆ ವಿವರಿಸುತ್ತಿದ್ದೆ. ಹಲಸಿನ ಸೊಳೆ ಬಿಡಿಸುತ್ತಾ ಕೂತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು, "ಅದೆಂತದು ದೊಡ್ಡದು? ಸತ್ತ ವೇಷ ಚೌಕಿಗೆ ಹೋಗಿ ಬೇರೆ ವೇಷ ಕಟ್ಟಿ ಬರುವುದಿಲ್ಲವಾ?"

ಚೌಕಿ ಅಂದರೆ ಯಕ್ಷಗಾನದಲ್ಲಿ ವೇಷ ಕಟ್ಟುವ ಜಾಗ. ಅಮ್ಮನ ಆ ಮಾತಿಗೆ ಬೀಗ ತೆರೆಯಿತು. ನನ್ನ ಕಾದಂಬರಿಯಲ್ಲಿ ಯಾರೂ ರೀಸ್ಪಾನ್ ಆಗುವುದಿಲ್ಲ, ಚೌಕಿಗೆ ಹೋಗಿ ಬರುತ್ತಾರೆ. ಕೊನೆಯ ಹಂತದ ದೊಡ್ಡ ಎದುರಾಳಿ, ಯಕ್ಷಗಾನದ ರಕ್ಕಸರ ಹಾಗೆ, ಬಣ್ಣದ ವೇಷ. ಅವನು ಬರುವ ಮೊದಲಿನ ಸದ್ದುಗದ್ದಲ ಒಡ್ಡೋಲಗ. ಯಕ್ಷಗಾನ ಗೊತ್ತಿಲ್ಲದ ಓದುಗರಿಗೆ ಕಷ್ಟವಾಗುತ್ತದಾ ಅಂತ ಹೆದರಿಕೆ ಇತ್ತು. ಆಗಲಿಲ್ಲ. ಬೀದರಿನ ಓದುಗರೊಬ್ಬರು ಅದೆಲ್ಲ ನಾನು ಕಟ್ಟಿದ ಹೊಸ ಶಬ್ದ ಅಂದುಕೊಂಡು ಹೊಗಳಿದರು. ನಾನು ಸುಮ್ನೆ ಕೂತೆ.

2022ರ ಆಗಸ್ಟಿಗೆ ಮೊದಲ ಕರಡು ಮುಗಿಯಿತು. 82 ಸಾವಿರ ಪದ. ಹಗಲು ಕೆಲಸ, ರಾತ್ರಿ ಕಾದಂಬರಿ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡೂ ಇಲ್ಲ. ಬರೆದದ್ದನ್ನು ಮೂರು ಕಡೆ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಸಿಡಿಲಿಗೆ ನನ್ನ ಮೋಡೆಮ್ಮೂ ಲ್ಯಾಪ್‌ಟಾಪಿನ ಅಡಾಪ್ಟರೂ ಒಂದೇ ಸಂಜೆ ಹೋದವು. ಫೈಲು ಉಳಿದದ್ದು ಪೆನ್‌ಡ್ರೈವ್ ಅಕ್ಕಿ ಡಬ್ಬದ ಮೇಲೆ ಇದ್ದದ್ದರಿಂದ.

2023ರ ಮೇಯಲ್ಲಿ ನಮ್ಮ ಪತ್ರಿಕೆ ಮುಚ್ಚಿತು. ವಿಡಿಯೋ ಕಾಲಿನಲ್ಲಿ ಹನ್ನೆರಡು ನಿಮಿಷ ಮಾತಾಡಿ ಮುಗಿಸಿದರು. ಎರಡು ವಾರ ಬಿಟ್ಟು ನೋಡಿದರೆ ವೆಬ್‌ಸೈಟೇ ಇಲ್ಲ. ಹತ್ತು ವರ್ಷದ ಕೆಲಸ, ಸಾವಿರ ಚಿಲ್ಲರೆ ಲೇಖನ. ನಮ್ಮದು ಸಣ್ಣ ಪತ್ರಿಕೆ ಬಿಡಿ. ಮರುವರ್ಷ ಆಗಸ್ಟಿನಲ್ಲಿ ಅಮೆರಿಕದ ಗೇಮ್ ಇನ್‌ಫಾರ್ಮರ್ ಕೂಡ ನಿಂತಿತು, 1991ರಿಂದ ಬರುತ್ತಿದ್ದದ್ದು. ಅದರ ಹಳೆಯ ಪುಟಗಳೂ ಒಂದೇ ದಿನದಲ್ಲಿ ಕಾಣೆಯಾಗಿದ್ದವು. 2025ರಲ್ಲಿ ಅದು ಮತ್ತೆ ಬಂತು, ಚೌಕಿಗೆ ಹೋಗಿ ಬಂದ ಹಾಗೆ. ನಮ್ಮದು ಬರಲಿಲ್ಲ. ಈ ಕೆಲಸದಲ್ಲಿ ಇರುವವರಿಗೆ ಒಂದು ಮಾತು: ನೀವು ಬರೆದದ್ದನ್ನು ಪ್ರಕಟವಾದ ದಿನವೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಹಳೆಯ ವೆಬ್ ಪುಟಗಳ ನಕಲು ಇಟ್ಟುಕೊಳ್ಳುವ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮೆಷಿನ್ನಿನಲ್ಲಿ ನನಗೆ ಸಿಕ್ಕಿದ್ದು ಮೂರರಲ್ಲಿ ಒಂದು ಪಾಲು. ಚಿತ್ರಗಳಿಲ್ಲ. ಆದರೆ 2019ರ ಕಥೆ ಸಿಕ್ಕಿತು. ಅದು ಯಾಕೆ ಮುಖ್ಯ ಅಂತ ಆಗ ಗೊತ್ತಿರಲಿಲ್ಲ.

ಕೆಲಸ ಇಲ್ಲ, ಕಾದಂಬರಿ ಉಂಟು. ಪ್ರಕಾಶಕರ ಹಿಂದೆ ಬಿದ್ದೆ. ಯಾರ ಹೆಸರೂ ಬೇಡ. ಮೊದಲನೆಯವರ ವೆಬ್‌ಸೈಟಿನಲ್ಲಿ ಹಸ್ತಪ್ರತಿ ಕಳಿಸುವ ಫಾರ್ಮ್ ಇತ್ತು. ಜಿಲ್ಲೆ ಆರಿಸಿ ಅಂತ ಪಟ್ಟಿ. ಅದರಲ್ಲಿ ಕರ್ನಾಟಕದ ಜಿಲ್ಲೆಗಳು ಮಾತ್ರ. ಬಿಟ್ಟು ಮುಂದೆ ಹೋಗಲು ಬಿಡುವುದಿಲ್ಲ. ಕೊನೆಗೆ ದಕ್ಷಿಣ ಕನ್ನಡ ಅಂತ ಒತ್ತಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕೆ ಮೊದಲಾಗಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ, ಅಲ್ವಾ? ಹನ್ನೊಂದು ತಿಂಗಳು ಉತ್ತರ ಇಲ್ಲ. ಎರಡನೆಯವರು ಫೋನಿನಲ್ಲಿ ಪ್ರೀತಿಯಿಂದಲೇ ಮಾತಾಡಿದರು. "ಸೈನ್ಸ್ ಫಿಕ್ಷನ್ನಿಗೆ ಓದುಗರು ಎಲ್ಲಿದ್ದಾರೆ ಸರ್? ಆತ್ಮಕಥೆ ಇದ್ದರೆ ಕೊಡಿ." ನನಗೆ ಆಗ 36. ರಾಜಶೇಖರ ಭೂಸನೂರಮಠ ಅವರಂಥವರು ಕನ್ನಡದಲ್ಲಿ ಇದನ್ನು ಎಷ್ಟೋ ವರ್ಷ ಬರೆದಿದ್ದಾರಲ್ಲ ಅಂದೆ. "ಅದು ಆ ಕಾಲ" ಅಂದರು. ಮೂರನೆಯವರು ಒಪ್ಪಿದರು. ಆದರೆ 300 ಪ್ರತಿ ನಾನೇ ಕೊಳ್ಳಬೇಕು, ಅದರ ದುಡ್ಡು ಮುಂಗಡ.

ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ವಯಸ್ಸು 35 ದಾಟಿರಬಾರದು. ನನಗೆ ದಾಟಿತ್ತು. ನಿಮಗೆ ಇನ್ನೂ ದಾಟಿಲ್ಲವಾದರೆ ಮೊದಲು ಅದನ್ನು ವಿಚಾರಿಸಿ. ನನ್ನ ಹಾಗೆ ಕರಡು ಪಾಲಿಶ್ ಮಾಡುತ್ತಾ ಕೂರಬೇಡಿ.

ಮುನ್ನೂರು ಪ್ರತಿಯ ದುಡ್ಡು ನಾನೇ ಹಾಕುವುದಾದರೆ ಪುಸ್ತಕವನ್ನೂ ನಾನೇ ಮಾಡಬಹುದಲ್ಲ ಅನ್ನಿಸಿದ್ದು ಆಗ. ಬ್ರಿಟನ್ನಿನ ಗ್ಯಾರಿ ವಿಟ್ಟಾ ಅಂತ ಒಬ್ಬರಿದ್ದಾರೆ. ಪಿಸಿ ಗೇಮರ್ ಪತ್ರಿಕೆಯ ಸಂಪಾದಕರಾಗಿದ್ದವರು, ಆಮೇಲೆ ಹಾಲಿವುಡ್‌ಗೆ ಚಿತ್ರಕಥೆ ಬರೆದರು. 2015ರಲ್ಲಿ ತಮ್ಮ ಮೊದಲ ಕಾದಂಬರಿ ತಂದದ್ದು ಓದುಗರು ಮುಂಗಡ ಕೊಟ್ಟು ಕಾಯ್ದಿರಿಸಿದ ಮೇಲೆ. ನಮ್ಮ ಕಸುಬಿನವರ ಮಟ್ಟಿಗೆ ಅವರು ದೊಡ್ಡ ಹೆಸರು. ನನಗೆ ಹಾಲಿವುಡ್ ಇಲ್ಲ, ವಾಟ್ಸಾಪ್ ಉಂಟು. ಹಳೆಯ ಓದುಗರು, ಕ್ಲಾಸ್‌ಮೇಟ್‌ಗಳು, ಕುಟುಂಬದವರು ಸೇರಿ 70 ಮಂದಿ ಮುಂಗಡ ಕೊಟ್ಟರು. ನನ್ನ ಭಾವ ಐದು ಪ್ರತಿಗೆ ಕೊಟ್ಟ. ಇವತ್ತಿಗೂ ಒಂದನ್ನೂ ಓದಿಲ್ಲ.

ಆದರೆ ದುಡ್ಡಿಗಿಂತ ಮೊದಲು ತಿದ್ದುವವರು ಬೇಕಿತ್ತು. ಇಲ್ಲಿ ಸ್ವಲ್ಪ ನಿಧಾನ ಹೇಳುತ್ತೇನೆ, ಯಾಕೆಂದರೆ ಪುಸ್ತಕ ಆದದ್ದು ಇಲ್ಲೇ. ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಟೀಚರ್ ನಿವೃತ್ತರಾಗಿ ನೀರ್ಚಾಲು ಕಡೆ ಇದ್ದಾರೆ. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಾರೆ. ಪಾತ್ರದ ಮಾತನ್ನು ಸ್ಥಳದಲ್ಲೇ ಕಟ್ಟಿ ಆಡುವುದಕ್ಕೆ ಅರ್ಥ ಅನ್ನುತ್ತೇವೆ. ಗೇಮ್ ಅಂತ ಒಂದನ್ನೂ ಮುಟ್ಟಿದವರಲ್ಲ. 2024ರ ಸೆಪ್ಟೆಂಬರಿನಲ್ಲಿ ಪ್ರಿಂಟ್ ತೆಗೆದು ಕೊಟ್ಟೆ. ಮೂರು ವಾರ ಬಿಟ್ಟು ಹೋದೆ. ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು, ತೋಟದ ಕೊಳೆರೋಗದ ಬಗ್ಗೆ ಕೇಳಿದರು. ಆಮೇಲೆ ಹೇಳಿದರು:

"ನಿನ್ನ ನಾಯಕ ಚಂದಕ್ಕೆ ವೇಷ ಕಟ್ಟಿ ನಿಂತಿದ್ದಾನೆ ಮಾರಾಯ. ಅರ್ಥ ಹೇಳುವುದೇ ಇಲ್ಲವಲ್ಲ?"

ನಾನು ಬಸ್ಸಿನಲ್ಲಿ ವಾಪಸ್ ಬರುವಾಗಷ್ಟೇ ಅದು ತಲೆಗೆ ಹೋಯಿತು. ಗೇಮಿನ ನಾಯಕ ಬೇಕೆಂದೇ ಖಾಲಿ ಇರುತ್ತಾನೆ. ಅವನೊಳಗೆ ಕೂತು ಹೆದರುವುದು, ಆಸೆಪಡುವುದು, ಎಡವೋ ಬಲವೋ ಅಂತ ನಿರ್ಧರಿಸುವುದು ಆಡುವವನ ಕೆಲಸ. ಹತ್ತು ವರ್ಷ ಅಂಥ ನಾಯಕರ ಜೊತೆ ಬದುಕಿ ನಾನೂ ಒಬ್ಬ ಖಾಲಿ ಮನುಷ್ಯನನ್ನು ಕಾದಂಬರಿಯ ನಡುವೆ ನಿಲ್ಲಿಸಿದ್ದೆ. ಅವನು ಓಡುತ್ತಾನೆ, ಬಾಗಿಲು ತೆರೆಯುತ್ತಾನೆ, ಕೀಲಿಕೈ ಹುಡುಕುತ್ತಾನೆ. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಯಕ್ಷಗಾನದಲ್ಲೂ ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಮಾತು ವೇಷಧಾರಿಯದ್ದು. ಕಾದಂಬರಿಯಲ್ಲಿ ಆಡುವವನೂ ಇಲ್ಲ, ವೇಷಧಾರಿಯೂ ಇಲ್ಲ. ಅರ್ಥವನ್ನೂ ನಾನೇ ಹೇಳಬೇಕು.

ಆರು ತಿಂಗಳು ಮತ್ತೆ ಬರೆದೆ. ನಾಯಕನನ್ನು ತೆಗೆದುಹಾಕಿ ಮುದುಕಿಯ ಮೊಮ್ಮಗಳನ್ನು ನಡುವಿಗೆ ತಂದೆ. ಅವಳಿಗೆ ಅಜ್ಜಿಯ ಮೇಲೆ ಸಿಟ್ಟು ಇದೆ, ಅಜ್ಜಿಯ ನೆನಪು ಉಳಿಸಬೇಕೋ ಬೇಡವೋ ಅವಳಿಗೇ ತಿಳಿಯದು. ಓಡಾಟ ಕಡಿಮೆಯಾಯಿತು. 82 ಸಾವಿರ ಪದ 58 ಸಾವಿರಕ್ಕೆ ಇಳಿಯಿತು. ಹೊಡೆದುಹಾಕಿದ್ದರಲ್ಲಿ ನಾನು ತುಂಬಾ ಮೆಚ್ಚಿಕೊಂಡಿದ್ದ ಒಂದು ಅಟ್ಟಿಸಿಕೊಂಡು ಹೋಗುವ ದೃಶ್ಯವೂ ಇತ್ತು, ಚಂದ್ರಗಿರಿ ಹೊಳೆಯ ಅಡಿಯಲ್ಲಿ. ಈಗಲೂ ಬೇಜಾರಿದೆ. ಟೀಚರಿಗೆ 15 ಸಾವಿರ ಕೊಟ್ಟೆ. ಬೇಡ ಅಂದರು, ಒತ್ತಾಯ ಮಾಡಿ ಕೊಟ್ಟೆ. ತಿದ್ದುವುದಕ್ಕೆ ದುಡ್ಡು ಉಳಿಸಬೇಡಿ. ಬೇರೆ ಎಲ್ಲಿಯಾದರೂ ಉಳಿಸಿ.

ಆಮೇಲೆ ಯಾರೂ ಹೇಳದ ತೊಡಕು. ನನ್ನ ಹಳೆಯ ಕೆಲಸದ ಕರಾರು ಪತ್ರದಲ್ಲಿ ಒಂದು ಸಾಲು: ನೌಕರಿಯಲ್ಲಿರುವಾಗ ಬರೆದದ್ದರ ಎಲ್ಲ ಹಕ್ಕೂ ಸಂಸ್ಥೆಯದ್ದು. ಕಾದಂಬರಿಯ ಬೀಜ 2019ರ ಕಥೆ. ಹಾಗಾದರೆ ಕಾದಂಬರಿ ಯಾರದ್ದು? ಕಾಸರಗೋಡಿನ ಒಬ್ಬ ವಕೀಲರ ಹತ್ತಿರ ಹೋದೆ. ಫೀಸು 3,000. ಅವರು ಬಿಡಿಸಿ ಹೇಳಿದ್ದು ಹೀಗೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಪತ್ರಿಕೆಯ ನೌಕರ ಪತ್ರಿಕೆಗಾಗಿ ಬರೆದದ್ದರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲೀಕರದ್ದು, ಉಳಿದದ್ದು ಬರೆದವನದ್ದೇ. ಆದರೆ ಬೇರೆ ಕರಾರು ಇಲ್ಲದಿದ್ದರೆ ಮಾತ್ರ. ನನ್ನಲ್ಲಿ ಕರಾರು ಇತ್ತು. "ವಾದ ಮಾಡಬಹುದು. ಆದರೆ ವಾದ ಮಾಡಲು ನಿಮ್ಮಲ್ಲಿ ದುಡ್ಡು ಉಂಟಾ? ಒಂದು ಪತ್ರ ತರಿಸಿಕೊಳ್ಳಿ, ಸುಲಭ."

ಮುಚ್ಚಿದ ಸಂಸ್ಥೆಯಿಂದ ಪತ್ರ ತರಿಸುವುದು ಹೇಗೆ? ಆಫೀಸಿನ ಇಮೇಲ್ ಸತ್ತಿತ್ತು. ಹಳೆಯ ಮಾಲೀಕರು ಬೇರೆ ದೇಶದಲ್ಲಿದ್ದರು. ಮೂವರು ಹಳೆಯ ಸಹೋದ್ಯೋಗಿಗಳ ಮೂಲಕ ಅವರ ನಂಬರ್ ಸಿಕ್ಕಿತು. ಏಪ್ರಿಲಿನಿಂದ ಜುಲೈವರೆಗೆ ಐದು ಮೆಸೇಜು. ಕಥೆ ಯಾವುದು ಅಂತ ತೋರಿಸಲು ಆ ವೇಬ್ಯಾಕ್ ಪುಟವನ್ನೇ ಕಳಿಸಿದೆ. ಒಂದು ರಾತ್ರಿ ಎರಡು ಸಾಲಿನ ಇಮೇಲ್ ಬಂತು, ಅಡ್ಡಿಯಿಲ್ಲ, ಒಳ್ಳೆಯದಾಗಲಿ ಅಂತ. ಅದನ್ನು ಪ್ರಿಂಟ್ ತೆಗೆದು ಕವರಿನಲ್ಲಿಟ್ಟಿದ್ದೇನೆ. ಗೇಮ್ ಪತ್ರಿಕೆಯಲ್ಲಿ ಇದ್ದುಕೊಂಡು ಕಥೆ ಬರೆಯುವವರೇ, ಕೆಲಸ ಬಿಡುವ ದಿನವೇ ಈ ಪತ್ರ ತೆಗೆದುಕೊಳ್ಳಿ. ಆಗ ಎರಡು ನಿಮಿಷದ ಕೆಲಸ.

ಕಾಪಿರೈಟ್ ನೋಂದಣಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕಡ್ಡಾಯ ಅಲ್ಲ. ಬರೆದ ಕ್ಷಣದಿಂದ ಹಕ್ಕು ನಿಮ್ಮದೇ, ನಿಮ್ಮ ಕಾಲದ ನಂತರವೂ 60 ವರ್ಷ. ನಾನು ಪ್ರಕಾಶಕರು ಕದಿಯುತ್ತಾರೆ ಅನ್ನುವ ಹೆದರಿಕೆಯಿಂದ 500 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ದೆ. ಆಕ್ಷೇಪಣೆಗೆ ಅಂತ 30 ದಿನ ಕಾಯಬೇಕು, ಆಮೇಲೂ ಕಾಯಬೇಕು. ಕದಿಯುವುದು ಬಿಡಿ, ಯಾರೂ ಓದಿಯೂ ಇರಲಿಲ್ಲ.

ಇನ್ನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ. ನಾನು ಬರೆದದ್ದು ಯೂನಿಕೋಡಿನಲ್ಲಿ, ಫೋನಿನಲ್ಲೂ ವೆಬ್‌ಸೈಟಿನಲ್ಲೂ ಕನ್ನಡ ಕಾಣುವ ಸಂಕೇತ ಅದು. ಮಂಗಳೂರಿನ ಡಿಟಿಪಿ ಅಂಗಡಿಯವರು ಅದನ್ನು ನುಡಿ ಅನ್ನುವ ಹಳೆಯ ಕನ್ನಡ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸಿದರು. ಮೊದಲ ಪ್ರೂಫ್ ನೋಡಿ ಬೆವರಿದೆ. ‘ಸರ್ವರ್‌ಗೆ’ ಅಂತ ಬರೆದದ್ದು ‘ಸರ್ವರ್ಗೆ’ ಆಗಿದೆ. ‘ಗೇಮ್‌ನಲ್ಲಿ’ ಹೋಗಿ ‘ಗೇಮ್ನಲ್ಲಿ’. ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಪರಿವರ್ತನೆಯಲ್ಲಿ ಅದು ಉದುರಿ ಎರಡಕ್ಷರ ಒತ್ತಾಗಿ ಅಂಟಿಕೊಳ್ಳುತ್ತದೆ. ಹಳ್ಳಿಯ ಕಥೆಯಾದರೆ ಹತ್ತು ಕಡೆ ಇರಬಹುದು. ವೈಜ್ಞಾನಿಕ ಕಾದಂಬರಿಯಲ್ಲಿ ಪುಟಕ್ಕೆ ನಾಲ್ಕೈದು. ಇಂಗ್ಲಿಷ್ ಅಕ್ಷರದಲ್ಲಿದ್ದ ಕೋಡ್ ಸಾಲುಗಳು ಅರ್ಥವಿಲ್ಲದ ಕನ್ನಡವಾಗಿದ್ದವು. ಅಂಗಡಿಯ ಹುಡುಗ ಸಮಾಧಾನ ಮಾಡಿದ, "ಸರ್, ಇದು ಯಂತ್ರದ ಭಾಷೆ ಅಂತ ಇಡಬಹುದಲ್ಲ?" ಒಂದು ಕ್ಷಣ ನಾನೂ ಯೋಚಿಸಿದೆ.

ಕೊನೆಗೆ ಯೂನಿಕೋಡಿನಲ್ಲೇ ಇನ್‌ಡಿಸೈನ್ ತಂತ್ರಾಂಶ ಬಳಸಿ ಪುಟ ಮಾಡುವವರನ್ನು ಹುಡುಕಿದೆ. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅಂತ ಒಂದು ಆಯ್ಕೆ ಉಂಟು. ಅದನ್ನು ಒತ್ತಿದರೆ ಕನ್ನಡ ಸರಿ ಕೂರುತ್ತದೆ, ಇಲ್ಲದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಪುಟಕ್ಕೆ 30 ರೂಪಾಯಿಯಂತೆ 7,200 ಆಯಿತು. ಕೆಲಸ ಕೊಡುವ ಮೊದಲು ‘ಸಾಫ್ಟ್‌ವೇರ್‌ನಲ್ಲಿ’ ಅನ್ನುವ ಒಂದೇ ಶಬ್ದ ಕೊಟ್ಟು ಪ್ರಿಂಟ್ ತೆಗೆಸಿ ನೋಡಿ. ಅದು ಸರಿ ಬಂದರೆ ಪುಸ್ತಕವೂ ಸರಿ ಬರುತ್ತದೆ.

ಪುಟ ಲೆಕ್ಕ ಹಾಕಿದಾಗ 243. ಮುದ್ರಕರು ತಲೆ ಅಲ್ಲಾಡಿಸಿದರು. ಡೆಮಿ 1/8 ಅಳತೆಯ ಪುಸ್ತಕ ಫಾರಂ ಲೆಕ್ಕದಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟದ ಕಂತಿನಲ್ಲಿ, ಹೋಗುತ್ತದೆ. 240 ಅಂದರೆ ಸರಿಯಾಗಿ ಹದಿನೈದು ಫಾರಂ. ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಯಾಕೆ? ನನ್ನ ಮುನ್ನುಡಿಯ ಮೂರು ಪುಟ ಹೊಡೆದುಹಾಕಿದೆ. ಪುಸ್ತಕಕ್ಕೆ ಏನೂ ನಷ್ಟವಾಗಲಿಲ್ಲ.

ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆಯ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಅದು ಪುಕ್ಕಟೆ. ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಅರ್ಜಿ ಆನ್‌ಲೈನಿನಲ್ಲಿ. ಲೇಖಕರೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು. ಒಂದು ಕಂಪನಿ ನನಗೆ ಇದೇ ನಂಬರಿಗೆ 2,000 ಕೇಳಿತ್ತು. ಅವರ ಮೂಲಕ ತೆಗೆದುಕೊಂಡರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ, ನೆನಪಿರಲಿ. ನನ್ನ ಮೊದಲ ಅರ್ಜಿ ವಾಪಸ್ ಬಂತು, ತಪ್ಪು ನನ್ನದೇ. ಮುಖಪುಟದ ಚಿತ್ರ ಹಾಕಿದ್ದೆ, ಒಳಗಿನ ಶೀರ್ಷಿಕೆ ಪುಟದಲ್ಲಿ ಪ್ರಕಾಶಕರ ಹೆಸರು ವಿಳಾಸ ಇರಲಿಲ್ಲ. ಹೆಸರಿನ ತಾಪತ್ರಯ ಬೇರೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಮುಂದೆ, ಪುಸ್ತಕದ ಮೇಲೆ ಮನೆತನದ ಹೆಸರು. ಮೂರೂ ನಾನೇ. ಅರ್ಜಿಯಲ್ಲಿ ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ ಬರೆಯಿರಿ. ಕಾವ್ಯನಾಮ ಲೇಖಕರ ಕಾಲಂನಲ್ಲಿ ಮಾತ್ರ ಸಾಕು.

ಇ-ಪುಸ್ತಕವನ್ನೂ ಒಟ್ಟಿಗೆ ತರುವ ಆಸೆಯಿತ್ತು. ದೊಡ್ಡ ಇ-ಪುಸ್ತಕದಂಗಡಿಯೊಂದರಲ್ಲಿ ಭಾಷೆಯ ಪಟ್ಟಿ ತೆರೆದೆ. ಮಲಯಾಳಂ ಉಂಟು, ತಮಿಳು ಉಂಟು, ಕನ್ನಡ ಇಲ್ಲ. ಕಾಸರಗೋಡಿನವನಿಗೆ ಇದು ಹೊಸತೇನಲ್ಲ ಬಿಡಿ. ಕನ್ನಡದ್ದೇ ಇ-ಪುಸ್ತಕದ ಆ್ಯಪ್‌ಗಳಿವೆ, ಅಲ್ಲಿ ಕೊಡುವ ಮಾತುಕತೆ ನಡೆಯುತ್ತಿದೆ.

2025ರ ನವೆಂಬರಿನಲ್ಲಿ 500 ಪ್ರತಿ ಅಚ್ಚಾಯಿತು. ಪ್ರತಿಗೆ 90ರಂತೆ 45 ಸಾವಿರ. ಮುಖಪುಟಕ್ಕೆ 7 ಸಾವಿರ, ಪ್ರೂಫ್ ತಿದ್ದಿದವರಿಗೆ 4 ಸಾವಿರ, ಓಡಾಟ, ಅಂಚೆ ಅಂತ 1,300. ಟೀಚರ್, ವಕೀಲರು, ಡಿಟಿಪಿ, ಕಾಪಿರೈಟ್ ಎಲ್ಲ ಸೇರಿ ಒಟ್ಟು 83 ಸಾವಿರ. ಬೆಲೆ 290 ಇಟ್ಟೆ. ಮುದ್ರಕರಿಂದ ಹನ್ನೆರಡು ಕಟ್ಟು ರಿಕ್ಷಾದಲ್ಲಿ ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಅಡಿಕೆ ಒಣಗಲು ಹಾಕುತ್ತಿದ್ದರು. ಒಂದು ಕಟ್ಟು ಎತ್ತಿ ನೋಡಿ, "ಭಾರ ಉಂಟು" ಅಂದರು.

ಒಂದು ನಿಯಮ ತುಂಬಾ ಲೇಖಕರಿಗೆ ಗೊತ್ತಿಲ್ಲ. 1954ರ ಕಾಯ್ದೆಯ ಪ್ರಕಾರ ಪುಸ್ತಕ ಪ್ರಕಟಿಸಿದವರು 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನು ತಮ್ಮ ಖರ್ಚಿನಲ್ಲಿ ಕಳಿಸಬೇಕು. ಚೆನ್ನೈನ ಕನ್ನೆಮರ ಗ್ರಂಥಾಲಯ, ಮುಂಬೈನ ಏಷಿಯಾಟಿಕ್ ಸೊಸೈಟಿ, ದೆಹಲಿ ಪಬ್ಲಿಕ್ ಲೈಬ್ರರಿಗೂ ಒಂದೊಂದು. ಹಳೆಯವರೆಲ್ಲ ಬುಕ್ ಪೋಸ್ಟ್ ಮಾಡು, ಅಗ್ಗ ಅಂದಿದ್ದರು. ಅಂಚೆ ಕಚೇರಿಗೆ ಹೋದ ಮೇಲೆ ಗೊತ್ತಾಯಿತು, 2024ರ ಡಿಸೆಂಬರಿನಲ್ಲೇ ಅದು ನಿಂತಿದೆ ಅಂತ. ಕೌಂಟರಿನಲ್ಲಿದ್ದ ಅಕ್ಕ ನಾಲ್ಕು ವಿಳಾಸ ಓದಿ ಮಲಯಾಳಂನಲ್ಲಿ ಕೇಳಿದರು, ಇಷ್ಟು ದೊಡ್ಡ ದೊಡ್ಡ ಊರಿನಲ್ಲಿ ಕನ್ನಡ ಓದುವವರು ಇದ್ದಾರಾ ಅಂತ. ಗೊತ್ತಿಲ್ಲ, ಕಾನೂನು ಅಂದೆ. ಪಾರ್ಸೆಲ್ಲಿನ ಅಂಟು ಸರಿಯಿಲ್ಲ ಅಂತ ಅವರೇ ಟೇಪ್ ಸುತ್ತಿಕೊಟ್ಟರು.

ಮಾರಾಟದ ಲೆಕ್ಕ ಹೀಗಿದೆ. ನಾಲ್ಕು ಗ್ರಂಥಾಲಯಕ್ಕೆ, 22 ಗೌರವ ಪ್ರತಿ, 243 ಮಾರಾಟ. ನನ್ನಿಂದ ನೇರ ಕೊಂಡವರಿಗೆ 250ಕ್ಕೆ ಕೊಟ್ಟೆ. ಅಂಗಡಿಯವರು ನೂರಕ್ಕೆ ನಲವತ್ತು ಇಟ್ಟುಕೊಳ್ಳುತ್ತಾರೆ, ಉಳಿದದ್ದನ್ನೂ ನೆನಪಿಸಿದರೆ ಮಾತ್ರ ಕೊಡುತ್ತಾರೆ. ಎಲ್ಲ ಬಂದರೆ 53 ಸಾವಿರ ಚಿಲ್ಲರೆ ಆಗುತ್ತದೆ. ಹೊಟ್ಟೆಪಾಡಿಗೆ ಈಗಲೂ ತಿಂಗಳಿಗೆ ನಾಲ್ಕೈದು ಗೇಮ್ ಲೇಖನ ಬರೆಯುತ್ತೇನೆ. ಕಾದಂಬರಿಕಾರನಾದೆ ಅಂತ ಆ ಕೆಲಸ ಬಿಡುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ.

ಹೋದ ತಿಂಗಳು ಮೊದಲ ವಿಮರ್ಶೆ ಬಂತು. ಯಾರೋ ಶಿವಮೊಗ್ಗ ಕಡೆಯ ಹುಡುಗ. ನನ್ನ ಹಳೆಯ ಲೇಖನಗಳನ್ನು ಓದುತ್ತಿದ್ದನಂತೆ, ಅದೇ ಧಾಟಿಯಲ್ಲಿ ಬರೆದಿದ್ದ. ಕೊನೆಗೆ ಅಂಕವನ್ನೂ ಕೊಟ್ಟಿದ್ದ, ಹತ್ತಕ್ಕೆ ಆರು. ಹನ್ನೊಂದನೇ ಅಧ್ಯಾಯ ಲೋಡಿಂಗ್ ಸ್ಕ್ರೀನಿನ ಹಾಗೆ ಸುಮ್ನೆ ತಿರುಗುತ್ತದೆ ಅಂದಿದ್ದ. ರಾತ್ರಿ ಹನ್ನೆರಡಕ್ಕೆ ಅದನ್ನು ನಾಲ್ಕು ಸಲ ಓದಿದೆ. ಎರಡು ದಿನ ಅವನ ಮೇಲೆ ಸಿಟ್ಟಿತ್ತು. ಮೂರನೆಯ ದಿನ ಹನ್ನೊಂದನೇ ಅಧ್ಯಾಯ ತೆರೆದು ನೋಡಿದೆ. ಹುಡುಗ ಹೇಳಿದ್ದು ಸರಿ. ಎರಡನೇ ಮುದ್ರಣದಲ್ಲಿ ತಿದ್ದಬೇಕು. ಅದಕ್ಕೆ ಮೊದಲು ಮಂಚದ ಅಡಿಯಲ್ಲಿ ಇರುವ 231 ಪ್ರತಿ ಖಾಲಿಯಾಗಬೇಕು, ಅದೂ ಮಳೆ ಹಿಡಿಯುವ ಮೊದಲು. ಅಮ್ಮ ಅದರ ಮೇಲೆ ಅಡಿಕೆಗೆ ಹೊದಿಸುವ ಟಾರ್ಪಾಲು ಹಾಕಿಟ್ಟಿದ್ದಾಳೆ.